ಊರಿನ ಅಹವಾಲು

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಸಾಗುವ ದಾರಿಯಲ್ಲಿ ಮಹಾಗಾಂವ ಎಂಬ ಊರಿದೆ. ಸುತ್ತಲೂ ತೊಗರಿ, ಜೋಳ ಬೆಳೆಯುವ ಹೊಲಗಳು. ತುಸು ಮುಂದೆ ಹೋದರೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರ. ಹಗಲೆಲ್ಲ ಕಾಯ್ದ ನೆಲ ತಣಿಯುವ ಹೊತ್ತಿಗೆ ಮನೆಮನೆಗಳಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಬಾಲಕನೊಬ್ಬ ಗುಂಡಿಯೊತ್ತಿ ಪುಸ್ತಕ ತೆರೆಯುತ್ತಾನೆ. ಆ ಬೆಳಕು ಎಲ್ಲಿಂದ ಬಂತು, ಅದಕ್ಕಾಗಿ ಯಾರು ಏನನ್ನು ತೆತ್ತರು ಎಂಬ ಪ್ರಶ್ನೆ ಅವನಿಗೆ ಹೊಳೆಯುವುದಿಲ್ಲ. ಹೊಳೆಯಬೇಕಾದ ಪ್ರಶ್ನೆ ಅದು.

ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ವಿದ್ಯೆ ಈಗ ನಾಡಿನಲ್ಲೆಲ್ಲ ಹರಡಿದೆ. ಆದರೆ ಬಿಸಿಲು ಇರುವುದು ಹಗಲಿನಲ್ಲಿ. ದೀಪ ಬೇಕಾಗುವುದು ಇರುಳಿನಲ್ಲಿ. ಸುಗ್ಗಿಯ ಕಾಳನ್ನು ರೈತನು ಹಗೇವಿನಲ್ಲಿ ತುಂಬಿಟ್ಟು ಕಷ್ಟಕಾಲಕ್ಕೆ ತೆಗೆಯುವಂತೆ, ಹಗಲಿನ ವಿದ್ಯುತ್ತನ್ನು ಕೂಡಿಡುವ ಉಪಾಯವೊಂದಿದೆ. ಎತ್ತರದಲ್ಲೊಂದು, ತಗ್ಗಿನಲ್ಲೊಂದು ಜಲಾಶಯ. ವಿದ್ಯುತ್ತು ಹೆಚ್ಚಾಗಿರುವಾಗ ಕೆಳಗಿನ ನೀರನ್ನು ಮೇಲಕ್ಕೆತ್ತುವುದು. ಕೊರತೆಯಾದಾಗ ಅದೇ ನೀರನ್ನು ಕೆಳಕ್ಕೆ ಬಿಟ್ಟು ಚಕ್ರ ತಿರುಗಿಸುವುದು. ನಾಲ್ಕು ಪಾಲು ಹಾಕಿದರೆ ಸುಮಾರು ಮೂರು ಪಾಲು ಹಿಂದಿರುಗುತ್ತದೆ. ಇದು ವಿದ್ಯುತ್ತನ್ನು ಹೊಸದಾಗಿ ಹುಟ್ಟಿಸುವ ಯೋಜನೆಯಲ್ಲ, ಕಾದಿರಿಸುವ ಯೋಜನೆ.

ಶರಾವತಿ ಕಣಿವೆಯಲ್ಲಿ ಇಂತಹ 2000 ಮೆಗಾವಾಟ್ ಸಾಮರ್ಥ್ಯದ ಕೇಂದ್ರವೊಂದನ್ನು ಕಟ್ಟಲು ಕರ್ನಾಟಕ ವಿದ್ಯುತ್ ನಿಗಮವು ಮುಂದಾಯಿತು. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪೆ. ಎರಡು ಜಲಾಶಯಗಳೂ ಈ ಮೊದಲೇ ಇದ್ದವು. ಆದ್ದರಿಂದ ಹೊಸದಾಗಿ ದೊಡ್ಡ ಮುಳುಗಡೆಯಾಗದು, ರಾಜ್ಯಕ್ಕೆ ಸಂಜೆಯ ವಿದ್ಯುತ್ತು ದೊರೆಯುವುದು ಎಂಬುದು ಯೋಜನೆಯ ಪರವಾದ ವಾದ. ಆದರೆ ಸುರಂಗ, ರಸ್ತೆಗಳಿಗಾಗಿ ಐವತ್ತು ಹೆಕ್ಟೇರಿಗೂ ಮಿಗಿಲಾದ ಕಾಡನ್ನು ಬಳಸಬೇಕಾಗುತ್ತದೆ. ಆ ಕಾಡು ಸಿಂಗಳೀಕಗಳ ನೆಲೆ. ಮರದಿಂದ ಮರಕ್ಕೆ ದಾಟಿಯೇ ಬದುಕುವ ಆ ಪ್ರಾಣಿಗೆ ಕಾಡಿನ ನಡುವಣ ಒಂದು ಬಯಲೂ ಗೋಡೆಯಂತೆ. ಬೆಟ್ಟವನ್ನು ಕೊರೆದರೆ ಮಳೆಗಾಲದಲ್ಲಿ ಗುಡ್ಡ ಕುಸಿದೀತೆಂಬ ಭಯವೂ ಅಲ್ಲಿಯ ಜನರಿಗಿದೆ.

ಆ ಭಯಕ್ಕೆ ಹಿಂದಿನ ನೆನಪೊಂದು ಬೆನ್ನಾಗಿ ನಿಂತಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡಾಗ ನಾಡಿಗೆ ಬೆಳಕು ಬಂದಿತು. ಸಾಗರ, ಹೊಸನಗರ ಸೀಮೆಯ ಹಲವು ಹಳ್ಳಿಗಳು ನೀರಿನಡಿ ಸೇರಿದವು. ಮನೆ, ತೋಟ, ದೇವರ ಗುಡಿಗಳನ್ನು ಬಿಟ್ಟು ಹೊರಟವರಲ್ಲಿ ಅನೇಕರು ಹೊಸ ನೆಲದ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದರು. ಅಂದು ಅವರನ್ನು ಕೇಳಿ ನಿರ್ಧರಿಸಬೇಕೆಂಬ ಕಾನೂನು ಇರಲಿಲ್ಲ.

ಇಂದು ಅದು ಇದೆ. 2006ರ ಸೆಪ್ಟೆಂಬರ್ 14ರಂದು ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ, ಇಂತಹ ಯೋಜನೆಗೆ ಪರಿಸರ ಅನುಮತಿ ನೀಡುವ ಮುನ್ನ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಮೂವತ್ತು ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಜನರ ನುಡಿಯಲ್ಲಿಯೂ ಇರಬೇಕು. ಜಿಲ್ಲಾಧಿಕಾರಿ ಅಥವಾ ಅವರು ನೇಮಿಸಿದ ಹಿರಿಯ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು. ಇಷ್ಟೇ ಜನ ಸೇರಬೇಕೆಂಬ ಕಟ್ಟಿಲ್ಲ. ಒಬ್ಬನೇ ಬಂದರೂ ಅವನ ಮಾತು ದಾಖಲೆಗೆ ಸೇರಬೇಕು. ಕೊನೆಗೆ ಆ ದಾಖಲೆಯನ್ನು ಸಭೆಗೆ ಓದಿ ಹೇಳಬೇಕು.

2025ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗ ಜಿಲ್ಲೆಯ ಕಾರ್ಗಲ್ಲಿನಲ್ಲಿಯೂ ಉತ್ತರ ಕನ್ನಡದ ಗೇರುಸೊಪ್ಪೆಯಲ್ಲಿಯೂ ಈ ಸಭೆಗಳು ನಡೆದವು. ಬಂದವರಲ್ಲಿ ಬಹುಮಂದಿ ಯೋಜನೆ ಬೇಡವೆಂದರು. ಆದರೆ ಅಹವಾಲು ಮತದಾನವಲ್ಲ. ಕೈಯೆತ್ತಿದವರನ್ನು ಎಣಿಸಿ ಅಲ್ಲಿ ತೀರ್ಮಾನ ಮಾಡುವುದಿಲ್ಲ, ತೀರ್ಮಾನ ಮೇಲಿನವರದು. ಹಾಗಾದರೆ ಆಡಿದ ಮಾತಿನಿಂದ ಫಲವೇನು ಎಂಬ ಸಂದೇಹ ಸಹಜ.

ಅದಕ್ಕೆ ಅಮೆರಿಕದ ಹಡ್ಸನ್ ನದಿಯ ದಡದಲ್ಲಿ ಒಂದು ಉತ್ತರವಿದೆ. ಅಲ್ಲಿಯ ಸ್ಟಾರ್ಮ್ ಕಿಂಗ್ ಬೆಟ್ಟದಲ್ಲಿ ಇದೇ ಬಗೆಯ ಕೇಂದ್ರ ಕಟ್ಟಲು 1962ರಲ್ಲಿ ಒಂದು ಸಂಸ್ಥೆ ಹೊರಟಿತು. 1965ರ ಮಾರ್ಚಿನಲ್ಲಿ ಪರವಾನಗಿಯೂ ದೊರೆಯಿತು. ಬೆಟ್ಟದ ಚೆಲುವು ಕೆಡುವುದು, ಮೀನುಗಳ ಸಂತತಿ ಅಳಿಯುವುದು ಎಂದು ಜನರು ನ್ಯಾಯಾಲಯದ ಮೆಟ್ಟಿಲೇರಿದರು. ಅವರಿಗೆ ಆ ನೆಲದ ಒಡೆತನವಿರಲಿಲ್ಲ. ಆದರೂ ಕೇಳುವ ಹಕ್ಕಿದೆಯೆಂದು ನ್ಯಾಯಾಲಯವು ಒಪ್ಪಿ, ಅದೇ ವರ್ಷದ ಡಿಸೆಂಬರಿನಲ್ಲಿ ಪರವಾನಗಿಯನ್ನು ಬದಿಗಿರಿಸಿ ಮರುವಿಚಾರಣೆಗೆ ಆಜ್ಞಾಪಿಸಿತು. 1980ರಲ್ಲಿ ಸಂಸ್ಥೆಯು ಯೋಜನೆಯನ್ನೇ ಕೈಬಿಟ್ಟಿತು. ಅಲ್ಲಿ ಗೆದ್ದದ್ದು ಕೂಗಲ್ಲ, ಸಾಕ್ಷ್ಯ.

ಎಲ್ಲ ಯೋಜನೆಗಳೂ ನಿಲ್ಲಬೇಕೆಂದು ಇದರ ಅರ್ಥವಲ್ಲ. ಬೆಳಕು ಬೇಕೆನ್ನುವವನ ಬೇಡಿಕೆಯೂ ನ್ಯಾಯವೇ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವೆಂದು ಹಿರಿಯರು ಹೇಳುತ್ತಾರೆ. ಕಾರ್ಯ ಮಿಂಚುವ ಮುನ್ನ ಚಿಂತಿಸುವ ಎಡೆಯೇ ಅಹವಾಲು ಸಭೆ. ವರದಿಯನ್ನು ಓದದೆ ಬಂದವನಿಂದಲೂ ಅದು ಬರಿದಾಗುತ್ತದೆ, ಕಿವಿ ಮುಚ್ಚಿಕೊಂಡು ಕುಳಿತ ಅಧಿಕಾರಿಯಿಂದಲೂ ಬರಿದಾಗುತ್ತದೆ. ತನ್ನ ಊರಿನ ಒರತೆ ಯಾವ ತಿಂಗಳು ಬತ್ತುತ್ತದೆ, ಯಾವ ಇಳಿಜಾರಿನ ಮಣ್ಣು ಸಡಿಲ ಎಂಬುದನ್ನು ಅಲ್ಲಿಯ ರೈತನಷ್ಟು ಬಲ್ಲವರಿಲ್ಲ. ಅವನು ಹೇಳಬೇಕು; ತಜ್ಞರು ಅದನ್ನು ತೂಗಬೇಕು; ಒಪ್ಪದಿದ್ದರೆ ಕಾರಣ ಕೊಡಬೇಕು.

ಮಹಾಗಾಂವಕ್ಕೆ ಶರಾವತಿ ಬಲು ದೂರ. ಆದರೆ ಅದೇ ಹೆದ್ದಾರಿ ಹಿಡಿದು ಮುಂದೆ ಹೋದರೆ ಬಸವಕಲ್ಯಾಣದ ಸೀಮೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿಯ ಅನುಭವ ಮಂಟಪದಲ್ಲಿ ಅಂಬಿಗ, ಮಡಿವಾಳ, ಸಮಗಾರರೆಲ್ಲರೂ ಸಮಾನವಾಗಿ ಕುಳಿತು ಮಾತನಾಡಿದರೆಂಬ ನೆನಪನ್ನು ಈ ನೆಲ ಕಾಪಾಡಿಕೊಂಡು ಬಂದಿದೆ. ನಾಳೆ ಇಲ್ಲಿಗೂ ಒಂದು ಯೋಜನೆ ಬಂದೀತು; ಇಲ್ಲಿಯ ಜನರನ್ನೂ ಕೇಳಿಯಾರು. ಆಗ ಎದ್ದು ನಿಂತು ತಿಳಿದದ್ದನ್ನು ತಿಳಿಯಾಗಿ ಹೇಳುವ ಅಭ್ಯಾಸ ಇಂದಿನ ಗ್ರಾಮಸಭೆಯಲ್ಲಿಯೇ ಮೊದಲಾಗಬೇಕು. ದೀಪದ ಮುಂದೆ ಓದುತ್ತಿರುವ ಆ ಬಾಲಕ ಬೆಳಕಿನ ಬೆಲೆಯನ್ನು ಕೇಳುವುದನ್ನು ಕಲಿತರೆ, ಅದನ್ನು ತೆತ್ತವರ ಅಹವಾಲು ಅವನಿಗೂ ಕೇಳಿಸುತ್ತದೆ.