ವಿಕೆಟ್ ಆದ ವೀರಗಲ್ಲು

ಮೊನ್ನೆ ರಾತ್ರಿ ನಿದ್ದೆ ಬರದೆ ನೆಟ್‌ನಲ್ಲಿ ಏನೇನೋ ಓದುತ್ತಿದ್ದೆ. ಕೊರಿಯಾದ ಕಲ್ಲುಮೂರ್ತಿಗಳ ಕಥೆ ಸಿಕ್ಕಿತು. ಅಲ್ಲಿ ಹಿಂದೆ ದೊಡ್ಡ ಅಧಿಕಾರಿಗಳು ತೀರಿಕೊಂಡರೆ ಸಮಾಧಿ ಕಾಯಲು ಎಡಕ್ಕೊಂದು ಬಲಕ್ಕೊಂದು ಕಲ್ಲಿನ ಮನುಷ್ಯರನ್ನು ನಿಲ್ಲಿಸುತ್ತಿದ್ದರಂತೆ. ತಲೆಗೆ ದರ್ಬಾರಿನ ಟೋಪಿ, ಎದೆಯ ಹತ್ತಿರ ಎರಡೂ ಕೈಯಲ್ಲಿ ಹಿಡಿದ ಪಟ್ಟಿ. ಅಂಥದೊಂದು ಜೋಡಿಯನ್ನು 1983ರಲ್ಲಿ ಜರ್ಮನಿಯವನೊಬ್ಬ ಕಳ್ಳತನದಿಂದ ಸಾಗಿಸಿದ. 1987ರಲ್ಲಿ ಹ್ಯಾಂಬರ್ಗ್‌ನ ಮ್ಯೂಸಿಯಂ ಅದನ್ನು ಕೊಂಡಿತು. 2019ರಲ್ಲಿ ವಾಪಸ್ ಕೊಟ್ಟರು. ಆದರೆ ಅವು ಹೋಗಿದ್ದು ಸಮಾಧಿಗಲ್ಲ, ಸಿಯೋಲ್‌ನ ಜಾನಪದ ಮ್ಯೂಸಿಯಂಗೆ.

ಆ ಕಳ್ಳನನ್ನು ಬೈಯೋಣ ಅಂದುಕೊಂಡೆ. ಬಾಯಿ ಬರಲಿಲ್ಲ... ಯಾಕಂದ್ರೆ ನಾನೂ ಅದನ್ನೇ ಮಾಡಿದ್ದೆ.

ನಮ್ಮೂರು ಕಲಘಟಗಿ ತಾಲೂಕಿನ ಬಮ್ಮಿಗಟ್ಟಿ. ಹೊಲದ ಬದುವಿನ ಮೇಲೆ ಒಂದು ಸಣ್ಣ ವೀರಗಲ್ಲಿತ್ತು. ಕೆಳಗೆ ಕತ್ತಿ ಹಿಡಿದವನು, ನಡುವೆ ಅವನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಲಿಂಗ, ಸೂರ್ಯ, ಚಂದ್ರ. ಅಕ್ಷರ ಒಂದೂ ಇರಲಿಲ್ಲ. ಐದನೇ ಕ್ಲಾಸಿನಲ್ಲಿದ್ದಾಗ ನಾವು ನಾಲ್ಕು ಹುಡುಗರು ಹಗ್ಗ ಕಟ್ಟಿ ಅದನ್ನು ಬಯಲಿಗೆ ಎಳೆದು ತಂದೆವು. ವಿಕೆಟ್ ಬೇಕಿತ್ತು! ಬಾಲ್ ಬಡಿದರೆ ಠಣ್ ಅನ್ನುತ್ತಿತ್ತು, ಔಟೋ ಅಲ್ಲವೋ ಅಂತ ಜಗಳವೇ ಇಲ್ಲ.

ಅಜ್ಜ ನೋಡಿ ಒಂದೇ ಮಾತು ಅಂದಿದ್ದ. "ಅಂವ ಸತ್ತದ್ದು ಅಲ್ಲಿ ತಮ್ಮಾ, ಇಲ್ಲಲ್ಲ."

ಆಗ ತಿಳಿಯಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ನಿಮಗೆ ಗೊತ್ತಿರಬಹುದು. ಕಾಡುಹಂದಿಯ ಜತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ಮಣಲೇರ ಹತ್ತನೇ ಶತಮಾನದಲ್ಲಿ ನಿಲ್ಲಿಸಿದ್ದು. ಅದೂ ಊರು ಬಿಟ್ಟು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂ ಸೇರಿದೆ. ಆದರೂ ಕಲ್ಲಿನ ಮೇಲೆ ಬರಹ ಇದೆ, ನಾಯಿಯ ಹೆಸರು ಸಹ ಉಳಿಯಿತು. ನಮ್ಮ ವೀರನಿಗೆ ಇದ್ದ ಗುರುತು ಆ ಜಾಗ ಒಂದೇ. ಅದನ್ನೂ ನಾವು ಕಿತ್ತುಕೊಂಡೆವು.

ಬೆಳಗ್ಗೆ ಎದ್ದವನೇ ಕಾಕಾಗ ಫೋನ್ ಮಾಡಿದೆ. ಕಲ್ಲು ಬಯಲಿನ ಅಂಚಿಗೆ ಬಿದ್ದುಕೊಂಡಿದೆಯಂತೆ. ತಿರುಗಿ ಅಲ್ಲೇ ನಿಲ್ಲಿಸೋಣ ಅಂದೆ.

"ಎಲ್ಲಿ ನಿಲ್ಲಸ್ತೀಯೋ? ಆ ಬದುನ ಇಲ್ಲ ಈಗ. ಟ್ರ್ಯಾಕ್ಟರ್ ಹೊಡದು ಎರಡೂ ಹೊಲಾ ಒಂದ ಮಾಡ್ಯಾರ."

ಜಾಗ ತೋರಿಸಬಹುದಾಗಿದ್ದವನು ಅಜ್ಜ. ಅಜ್ಜ ಹೋಗಿ ಆರು ವರ್ಷ ಆಯಿತು.

ದೀಪಾವಳಿಗೆ ಊರಿಗೆ ಹೋಗುತ್ತಿದ್ದೇನೆ. ಹೊಲದವರನ್ನು ಕೇಳಿ, ಸುಮಾರಾಗಿ ಆ ಕಡೆಗಾದರೂ ನಿಲ್ಲಿಸಿ ಬರಬೇಕು ಅಂತಿದೆ. ನಿಮ್ಮೂರಲ್ಲೂ ಇಂಥ ಕಲ್ಲಿದ್ದರೆ, ಅದರ ಜಾಗ ಗೊತ್ತಿರುವ ಹಿರಿಯರು ಇರುವಾಗಲೇ ಒಮ್ಮೆ ಕೇಳಿ ಬರೆದಿಟ್ಟುಕೊಳ್ಳಿ.