35 ಮಿಲಿಮೀಟರ್ ಇಳಿದ ಮೇಲೆ

"ತಡೀ ತಡೀ ತಡೀ!" ಹೆಲ್ಪರ್ ಕೈ ಅಡ್ಡ ಹಿಡಿದು ಕೂಗುತ್ತಾನೆ. ಕೆಂಪು ಸ್ವಿಫ್ಟಿನ ಮುಂದಿನ ಬಂಪರ್ ಅಲೈನ್‌ಮೆಂಟ್ ಲಿಫ್ಟಿನ ಏರಿಗೆ ಇನ್ನೇನು ಉಜ್ಜಬೇಕು, ಅಷ್ಟರಲ್ಲಿ ಬ್ರೇಕು. ಮೈಸೂರು ರಸ್ತೆಯಲ್ಲಿ ರಾಜರಾಜೇಶ್ವರಿನಗರದ ಆರ್ಚು ದಾಟಿ ಸ್ವಲ್ಪ ಮುಂದೆ ಇರುವ ಟೈರ್ ಅಂಗಡಿ. ಹೊರಗೆ ಮೆಟ್ರೊ ಕಂಬಗಳ ಪಕ್ಕ ಬಸ್ಸುಗಳ ಹಾರ್ನು, ಒಳಗೆ ಕಂಪ್ರೆಸರಿನ ಗಡಗಡ. ಹೆಲ್ಪರ್ ಮೂಲೆಯಿಂದ ಎಣ್ಣೆ ಹತ್ತಿ ಕಪ್ಪಾದ ಎರಡು ಹಲಗೆ ಎಳೆದು ತಂದು ಮುಂದಿನ ಚಕ್ರಗಳ ಎದುರಿಗೆ ಇಡುತ್ತಾನೆ. ಈಗ ಇಂಚಿಂಚಾಗಿ ಬಂಪರ್ ಮೇಲೆದ್ದು, ಕಾರು ಹತ್ತಿಕೊಳ್ಳುತ್ತದೆ. ಹೀಗೆ ತಗ್ಗಿಸಿದ ಗಾಡಿಗಳು ಇಲ್ಲಿಗೆ ಎಷ್ಟು ಬರುತ್ತವೆ ಅನ್ನುವುದಕ್ಕೆ ಆ ಹಲಗೆಗಳೇ ಸಾಕ್ಷಿ. ಬೇರೆ ಯಾವ ಕಾರಿಗೂ ಅವು ಬೇಕಾಗುವುದಿಲ್ಲ.

2011ರಲ್ಲಿ ಬಂದ ಎರಡನೇ ತಲೆಮಾರಿನ ಸ್ವಿಫ್ಟ್, ಡೀಸೆಲ್. ಕಂಪನಿಯಿಂದ ಹೊರಬಿದ್ದಾಗ ನೆಲಕ್ಕೂ ಹೊಟ್ಟೆಗೂ 170 ಮಿಲಿಮೀಟರ್ ಅಂತರ. ಮಾಲೀಕ ಇಪ್ಪತ್ತೈದರ ಆಸುಪಾಸಿನ ಹುಡುಗ. ಜೆ.ಸಿ. ರಸ್ತೆಯಲ್ಲಿ ಲೋವರಿಂಗ್ ಸ್ಪ್ರಿಂಗ್ ಕೊಂಡು ಹಾಕಿಸಿ 35 ಮಿಲಿಮೀಟರ್ ಇಳಿಸಿದ್ದಾನೆ. ಮೊದಲು ಟೈರಿಗೂ ಅದರ ಮೇಲಿನ ಕಮಾನಿಗೂ ನಡುವೆ ಮುಷ್ಟಿ ತೂರುತ್ತಿತ್ತು, ಈಗ ಎರಡು ಬೆರಳು. ನೋಡುವುದಕ್ಕೆ ಚೆಂದವೇ, ಸುಳ್ಳು ಹೇಳಬಾರದು.

"ಸ್ಪ್ರಿಂಗ್ ಹಾಕಿ ಎಷ್ಟ್ ಓಡ್ಸಿದೀಯ?" ಮೇಸ್ತ್ರಿ ಕೇಳುತ್ತಾರೆ. ಐವತ್ತು ದಾಟಿದವರು, ಕನ್ನಡಕ ಹಣೆಯ ಮೇಲೆ.

"ಎಂಟುನೂರು ಕಿಲೋಮೀಟರ್ ಅಣ್ಣ. ಮಡಿಕೇರಿಗೆ ಹೋಗ್ಬಂದೆ."

ಅವರು ತಲೆಯಾಡಿಸುತ್ತಾರೆ. ಉತ್ತರ ಹಿಡಿಸಿದ ಹಾಗಿದೆ. ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಅದು ತನ್ನ ಜಾಗದಲ್ಲಿ ಕೂತುಕೊಂಡು, ಕಾರು ಇನ್ನೂ ಸ್ವಲ್ಪ ಇಳಿಯುತ್ತದೆ. ಅಂದೇ ಅಲೈನ್‌ಮೆಂಟ್ ಮಾಡಿಸಿಕೊಂಡವನು ಇಳಿದ ಮೇಲೆ ಮತ್ತೆ ದುಡ್ಡು ಕೊಡಬೇಕು. ಹಾಗೆಂದು ತಿಂಗಳುಗಟ್ಟಲೆ ಬಿಟ್ಟರೆ ಟೈರು ಲೆಕ್ಕ ಚುಕ್ತಾ ಮಾಡುತ್ತದೆ. ಈಗಾಗಲೇ ಶುರು ಮಾಡಿದೆ. ಮೇಸ್ತ್ರಿ ಮುಂದಿನ ಎಡ ಟೈರಿನ ಮೇಲೆ ಅಂಗೈ ಇಟ್ಟು ಒಳಗಿನಿಂದ ಹೊರಕ್ಕೆ ಸವರಿ, ಆಮೇಲೆ ಹೊರಗಿನಿಂದ ಒಳಕ್ಕೆ ಸವರುತ್ತಾರೆ. "ನೀನೇ ನೋಡು." ನೀವೂ ಕೈ ಇಡಿ. ಹೊರಕ್ಕೆ ಹೋಗುವಾಗ ರಬ್ಬರು ನಯವಾಗಿದೆ. ಒಳಕ್ಕೆ ಬರುವಾಗ ಒಂದೊಂದು ಪಟ್ಟಿಯ ಅಂಚೂ ಚರ್ಮಕ್ಕೆ ಸಿಕ್ಕುತ್ತದೆ. ಕಣ್ಣಿಗೆ ಇನ್ನೂ ಏನೂ ಕಾಣುವುದಿಲ್ಲ.

ಮಾನಿಟರ್ ಆಗಲೇ ಹೊತ್ತಿಕೊಂಡಿದೆ, ಆದರೆ ಮೇಸ್ತ್ರಿ ಅದರ ಕಡೆ ಹೋಗುವ ಅವಸರದಲ್ಲಿಲ್ಲ. ನಾಲ್ಕೂ ಟೈರಿಗೆ ಗಾಳಿ ನೋಡಿಸುತ್ತಾರೆ. ಒಂದೊಂದು ಚಕ್ರವನ್ನೂ ಎತ್ತಿಸಿ ಮೇಲೆ ಕೆಳಗೆ, ಆಮೇಲೆ ಅಕ್ಕಪಕ್ಕ ಹಿಡಿದು ಅಲುಗಾಡಿಸುತ್ತಾರೆ. ಬಾಲ್ ಜಾಯಿಂಟಿನಲ್ಲಿ ಆಟವಿಲ್ಲ, ಟೈ ರಾಡ್ ಎಂಡ್ ಗಟ್ಟಿ. ಕೊನೆಗೆ ಟಾರ್ಚ್ ಹಿಡಿದು ಅಡಿಗೆ ಹೋದವರು ಅಲ್ಲಿಂದಲೇ ಕೇಳುತ್ತಾರೆ: "ಲೋವರ್ ಆರ್ಮ್ ಬುಷ್ ಬೋಲ್ಟ್ ಸಡಿಲ ಮಾಡಿ, ಗಾಡಿ ಕೆಳಗಿಳ್ಸಿದ ಮೇಲೆ ಟೈಟ್ ಮಾಡಿದ್ರಾ?"

ಹುಡುಗ ಸುಮ್ಮನಿದ್ದಾನೆ. ಸ್ಪ್ರಿಂಗ್ ಹಾಕಿದವರು ಅದನ್ನು ಮುಟ್ಟಿರಲಿಕ್ಕಿಲ್ಲ. ಸ್ಪ್ರಿಂಗ್ ಬದಲಿಸಲು ಅದನ್ನು ಮುಟ್ಟಲೇಬೇಕು ಅಂತಲೂ ಇಲ್ಲ. ಆದರೆ ಆ ಬುಷ್‌ನಲ್ಲಿ ರಬ್ಬರು ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿಯಾದ ಕೋನವೇ ಅದಕ್ಕೆ ವಿಶ್ರಾಂತಿಯ ಕೋನ. ಕಾರು ಇಳಿದರೆ ಆರ್ಮ್ ಮೇಲಕ್ಕೆ ತಿರುಗಿ, ರಬ್ಬರು ನಿಂತಲ್ಲೂ ತಿರುಚಿಕೊಂಡೇ ಇರುತ್ತದೆ. ಸ್ಪ್ರಿಂಗ್ ಜೊತೆ ತಾನೂ ಕಾರನ್ನು ತಳ್ಳುತ್ತಿರುತ್ತದೆ, ಒಂದು ದಿನ ಹರಿಯುತ್ತದೆ. ಮೇಸ್ತ್ರಿ ಕಾರನ್ನು ಚಕ್ರಗಳ ಮೇಲೇ ನಿಲ್ಲಿಸಿ ಬೋಲ್ಟ್ ಸಡಿಲಿಸುತ್ತಾರೆ. ಎಡಗಡೆಯದು 'ಟಕ್' ಎಂದು ಬಿಟ್ಟುಕೊಳ್ಳುವ ಶಬ್ದ ಲಿಫ್ಟಿನ ಕಬ್ಬಿಣದಲ್ಲೂ ಕೇಳುತ್ತದೆ. ಹುಡುಗನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಬಾನೆಟ್ಟನ್ನೂ ಡಿಕ್ಕಿಯನ್ನೂ ಒತ್ತಿ ಒತ್ತಿ ಕುಣಿಸಿ, ಕಾರು ಸುಮ್ಮನಾದ ಮೇಲೆ ಮತ್ತೆ ಬಿಗಿಯುತ್ತಾರೆ. ಈ ಕೆಲಸ ಅಲೈನ್‌ಮೆಂಟಿನ ರೇಟಿನಲ್ಲಿ ಸೇರಿಲ್ಲ. ಕೇಳಿ ಮಾಡಿಸಿಕೊಂಡವರೂ ಕಡಿಮೆ.

ಈಗ ನಾಲ್ಕು ರಿಮ್ಮಿಗೂ ಕ್ಲ್ಯಾಂಪ್, ಅದರ ತುದಿಯಲ್ಲಿ ಚುಕ್ಕಿ ಚುಕ್ಕಿಯ ಹಲಗೆ. ಎದುರು ಕಂಬದ ಮೇಲಿನ ಕ್ಯಾಮೆರಾಗಳು ಆ ಚುಕ್ಕಿಗಳನ್ನೇ ನೋಡುತ್ತವೆ. ಹೆಲ್ಪರ್ ಕಾರನ್ನು ಒಂದಿಷ್ಟು ಹಿಂದಕ್ಕೆ ತಳ್ಳಿ, ಪರದೆಯ ಬಾಣ ಹೇಳಿದ ಮೇಲೆ ಮತ್ತೆ ಮುಂದಕ್ಕೆ ತರುತ್ತಾನೆ. ರಿಮ್ಮೇ ಸೊಟ್ಟಗಿದ್ದರೆ ಅಥವಾ ಕ್ಲ್ಯಾಂಪ್ ಸರಿಯಾಗಿ ಕೂರದಿದ್ದರೆ ಆ ಸೊಟ್ಟು ಲೆಕ್ಕದೊಳಗೆ ಬಾರದಿರಲಿ ಅಂತ. ಮುಂದಿನ ಚಕ್ರಗಳು ಟರ್ನ್ ಟೇಬಲ್ ಮೇಲೆ ಬಂದವು, ಪಿನ್ ತೆಗೆದಾಯಿತು. ಬ್ರೇಕ್ ಪೆಡಲಿಗೂ ಸೀಟಿಗೂ ನಡುವೆ ಒಂದು ಸರಳು ಸಿಕ್ಕಿಸಿ, ಸ್ಟೀರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ಕ್ಯಾಸ್ಟರ್, ಅಂದರೆ ಚಕ್ರ ತಿರುಗುವ ಅಕ್ಷದ ಹಿಂದುಮುಂದಿನ ವಾಲು, ಅಳೆದಾಯಿತು.

ಪರದೆ ತುಂಬ ಅಂಕಿ. ಮುಂದೆ ಎಡ ಕ್ಯಾಂಬರ್ ಮೈನಸ್ 1 ಡಿಗ್ರಿ 25 ಮಿನಿಟ್, ಬಲ ಮೈನಸ್ 1 ಡಿಗ್ರಿ 5 ಮಿನಿಟ್. ಎರಡೂ ಕೆಂಪು. ಟೋ ಒಟ್ಟು 30 ಮಿನಿಟ್ ಹೊರಮುಖ. ಅದೂ ಕೆಂಪು. ಹಿಂದಿನ ಚಕ್ರಗಳ ಅಂಕಿ ಹಸಿರು. ಹುಡುಗನ ಮುಖ ಬಾಡುತ್ತದೆ.

"ಎಲ್ಲಾ ಗ್ರೀನ್ ಮಾಡ್ಕೊಡ್ತೀರಾ ಅಣ್ಣ?"

"ಎಲ್ಲಾ ಯಾಕೆ?"

ಇಂಥ ಗಾಡಿಯ ವಿಷಯದಲ್ಲಿ ಆ ಮರುಪ್ರಶ್ನೆ ಕೇಳದ ಅಂಗಡಿಯಿಂದ ದೂರ ಇರಬೇಕು ಅನ್ನುವುದು ನನ್ನ ಅಭಿಪ್ರಾಯ. ಪರದೆಯ ಹಸಿರು ಗೆರೆ ಬರೆದಿರುವುದು ಕಂಪನಿ, ಅದೂ 170 ಮಿಲಿಮೀಟರ್ ಎತ್ತರದ ಕಾರಿಗೆ. ಯಾವ ಕೆಂಪು ಟೈರನ್ನು ತಿನ್ನುತ್ತದೆ, ಯಾವುದು ಕಾರನ್ನು ಇಳಿಸಿದ್ದಕ್ಕೆ ತೆರುವ ಬೆಲೆ ಎಂದು ಯಂತ್ರ ಹೇಳುವುದಿಲ್ಲ.

ಮೊದಲು ಟೋ, ಅಂದರೆ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದನ್ನು ನೋಡಿ. ಚಕ್ರವನ್ನು ಹಿಡಿದಿರುವ ಲೋವರ್ ಆರ್ಮಿಗೆ ಒಂದು ಕೀಲು, ಸ್ಟೀರಿಂಗಿನಿಂದ ಬರುವ ಟೈ ರಾಡಿಗೆ ಇನ್ನೊಂದು. ಬೇರೆ ಬೇರೆ ಉದ್ದದ ಹಗ್ಗ ಕಟ್ಟಿದ ಎರಡು ಉಯ್ಯಾಲೆಗಳ ಹಾಗೆ ಇವೆರಡೂ ತಂತಮ್ಮ ಕಮಾನಿನಲ್ಲೇ ತೂಗುತ್ತವೆ. ಕಾರು ಇಳಿದಷ್ಟೂ ಎರಡರ ನಡುವೆ ವ್ಯತ್ಯಾಸ ಬಂದು ಚಕ್ರದ ಮೂತಿ ತಿರುಗುತ್ತದೆ. ಒಟ್ಟು 30 ಮಿನಿಟ್ ಎಂದರೆ ಒಂದೊಂದು ಚಕ್ರಕ್ಕೆ ಕಾಲು ಡಿಗ್ರಿ. ಕೇಳುವುದಕ್ಕೆ ಏನೂ ಅಲ್ಲ. ಆದರೆ ಲೆಕ್ಕ ಹಾಕಿದರೆ ಪ್ರತಿ ಕಿಲೋಮೀಟರಿಗೂ ಆ ಟೈರು ನಾಲ್ಕು ಮೀಟರಿಗೂ ಹೆಚ್ಚು ಅಡ್ಡಡ್ಡ ಉಜ್ಜಿಕೊಂಡು ಹೋದ ಹಾಗೆ. ಮಡಿಕೇರಿಗೆ ಹೋಗಿ ಬರುವಷ್ಟರಲ್ಲಿ ಎರಡು ಕಿಲೋಮೀಟರಿಗೂ ಮೀರಿದ ಉಜ್ಜಾಟ. ಅಂಗೈಗೆ ಸಿಕ್ಕಿದ್ದು ಅದೇ.

ಕ್ಯಾಂಬರ್ ಹಾಗಲ್ಲ. ಚಕ್ರದ ತಲೆ ಒಂದು ಡಿಗ್ರಿ ಚಿಲ್ಲರೆ ಒಳಕ್ಕೆ ವಾಲಿದರೆ ಟೈರಿನ ಒಳ ಅಂಚು ಸ್ವಲ್ಪ ಮೊದಲು ಸವೆಯುತ್ತದೆ, ನಿಜ. ಆದರೆ ಟೋ ಸರಿಯಿದ್ದರೆ ಅದು ನಿಧಾನದ ಸವೆತ, ತಿರುವಿನಲ್ಲಿ ಹಿಡಿತವೂ ಸಿಗುತ್ತದೆ. ಮೇಸ್ತ್ರಿಗೆ ಬೇಜಾರಾಗಿರುವುದು ಎಡಬಲದ ನಡುವಿನ 20 ಮಿನಿಟ್ ಅಂತರದ ಬಗ್ಗೆ. "ಗಾಡಿ ಯಾವ್ ಕಡೆ ಎಳೀತಿತ್ತು?"

"ಎಳೀತಿರ್ಲಿಲ್ಲ ಅಣ್ಣ. ನೆಟ್ಟಗೇ ಹೋಗ್ತಿತ್ತು. ಬಲಗಡೆ ಲೇನಲ್ಲಿ ಮಾತ್ರ ಒಂಚೂರು ಬಲಕ್ಕೆ."

ಮೇಸ್ತ್ರಿ ನಗುತ್ತಾರೆ. ನಮ್ಮ ರಸ್ತೆಗಳಿಗೆ ನೀರು ಹರಿಯಲೆಂದು ಎಡಕ್ಕೆ ಇಳಿಜಾರು ಕೊಟ್ಟಿರುತ್ತಾರೆ, ಕಾರು ತಾನಾಗಿಯೇ ಎಡಕ್ಕೆ ಜಾರುತ್ತದೆ. ಕ್ಯಾಂಬರ್ ಕಡಿಮೆ ವಾಲಿದ ಕಡೆಗೆ, ಇಲ್ಲಿ ಬಲಕ್ಕೆ, ಕಾರು ಎಳೆಯುತ್ತದೆ. ಎಡ ಲೇನಿನಲ್ಲಿ ಒಂದು ಇನ್ನೊಂದನ್ನು ಮುಚ್ಚಿಹಾಕಿತ್ತು.

ಸ್ವಿಫ್ಟಿನಲ್ಲಿ ಕ್ಯಾಂಬರ್ ತಿರುಗಿಸುವ ಸ್ಕ್ರೂ ಇಲ್ಲ. ಸ್ಟ್ರಟ್ಟಿನ ಬುಡವನ್ನು ಹಬ್ಬಿಗೆ ಕಟ್ಟಿರುವ ಎರಡು ಬೋಲ್ಟುಗಳಿವೆ, ಅವುಗಳ ತೂತಿನಲ್ಲಿ ಕೂದಲೆಳೆಯಷ್ಟು ಸಡಿಲ. ಬೇಕಾದರೆ ಒಂದು ಬೋಲ್ಟ್ ತೆಗೆದು ನಡುವೆ ಉಬ್ಬಿರುವ ಕ್ಯಾಂಬರ್ ಬೋಲ್ಟ್ ಹಾಕಬಹುದು. ಇವತ್ತು ಅದು ಬೇಡ ಅನ್ನುತ್ತಾರೆ ಮೇಸ್ತ್ರಿ. ಎಡಗಡೆಯ ಎರಡೂ ಬೋಲ್ಟ್ ಸಡಿಲಿಸಿ, ಚಕ್ರದ ನೆತ್ತಿಯನ್ನು ಎರಡೂ ಕೈಯಿಂದ ಹೊರಕ್ಕೆ ಎಳೆದು ಹಿಡಿಯುತ್ತಾರೆ. ಕತ್ತಿನ ನರ ಉಬ್ಬಿದೆ, ಕಣ್ಣು ಪರದೆಯ ಮೇಲೆ. 25... 19... 14... "ಬಿಗಿ!" ಹೆಲ್ಪರ್ ಬಿಗಿಯುತ್ತಾನೆ. ಕೈ ಬಿಟ್ಟಾಗ ಅಂಕಿ ಒಂದು ಡಿಗ್ರಿ 12 ಮಿನಿಟಿಗೆ ಬಂದು ನಿಲ್ಲುತ್ತದೆ. ಬಲದ 5ಕ್ಕೂ ಎಡದ 12ಕ್ಕೂ ಉಳಿದ ವ್ಯತ್ಯಾಸವನ್ನು ಅವರು ಬೇಕೆಂದೇ ಬಿಡುತ್ತಾರೆ, ರಸ್ತೆಯ ಇಳಿಜಾರಿಗೆ ಎಂದು. ಕ್ಯಾಂಬರ್ ಮುಟ್ಟಿದ ಕೂಡಲೇ ಎಡಗಡೆಯ ಟೋ ಅಂಕಿಯೂ ಜಿಗಿದಿದೆ. ಟೋ ಕೊನೆಗೆ ಮಾಡುವುದು ಅದಕ್ಕೇ.

ಹಿಂದೆ ಟಾರ್ಷನ್ ಬೀಮ್, ತಿರುಗಿಸಲು ಏನೂ ಇಲ್ಲ. ನೋಡಿ ಬಿಡುವುದಷ್ಟೆ.

ಸ್ಟೀರಿಂಗ್ ನೇರ ಮಾಡಿ ಕ್ಲ್ಯಾಂಪಿನಿಂದ ಬಂಧಿಸಿಯಾಯಿತು. ಬಲ ಟೈ ರಾಡಿನ ಲಾಕ್ ನಟ್ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ, ಎಡದ್ದು ಮೊಂಡು. ಡಬ್ಲ್ಯೂಡಿ-40 ಹೊಡೆದು, ಕಾದು, ಸ್ಪ್ಯಾನರಿನ ಬಾಲಕ್ಕೆ ಪೈಪ್ ಸೇರಿಸಿ ಒತ್ತಿದಾಗ ತುಕ್ಕಿನ ಪುಡಿ ಉದುರಿಸಿ ಸಡಿಲಾಗುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ರಾಡ್ ತಿರುಗಿದಾಗ ಅದರ ತುದಿಯ ರಬ್ಬರ್ ಬೂಟ್ ಕೂಡ ಅಂಟಿಕೊಂಡು ತಿರುಚಿಕೊಳ್ಳುತ್ತದೆ. ಮೇಸ್ತ್ರಿ ಕ್ಲಿಪ್ ಸರಿಸಿ, ಬೂಟಿನ ಮಡಿಕೆಗಳು ಮತ್ತೆ ದುಂಡಗೆ ನಿಂತವೇ ಎಂದು ಬೆರಳಾಡಿಸಿ ನೋಡುತ್ತಾರೆ. ನೋಡದಿದ್ದರೆ ಬೂಟು ಹರಿದು, ಸ್ಟೀರಿಂಗ್ ರ‍್ಯಾಕಿಗೆ ಮಳೆನೀರು ಇಳಿಯುತ್ತದೆ. ರಾಡಿನ ಕಾಲು ಸುತ್ತಿಗೂ ಪರದೆಯ ಅಂಕಿ ದೊಡ್ಡ ಹೆಜ್ಜೆ ಹಾಕುತ್ತದೆ. ಒಂದೊಂದು ಚಕ್ರಕ್ಕೂ ಒಳಮುಖವಾಗಿ 2 ಮಿನಿಟ್ ಇಟ್ಟು ನಟ್ ಬಿಗಿಯುತ್ತಾರೆ. ಬಿಗಿಯುವಾಗ 4ಕ್ಕೆ ಓಡುತ್ತದೆ. ಮತ್ತೆ ಸಡಿಲಿಸಿ, ಈ ಸಲ ಓಟವನ್ನೂ ಲೆಕ್ಕಕ್ಕೆ ಹಿಡಿದು ಬಿಗಿಯುತ್ತಾರೆ.

ಪ್ರಿಂಟ್ ಹೊರಬರುವಷ್ಟರಲ್ಲಿ ಹುಡುಗ ಇನ್ನೊಂದು ಭಯ ತೋಡಿಕೊಳ್ಳುತ್ತಾನೆ: ಆರ್‌ಟಿಒದವರು ಹಿಡಿಯುತ್ತಾರಾ? ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. "ಅದು ನನ್ನ ಮಷೀನಲ್ಲಿ ಬರಲ್ಲಪ್ಪ" ಎಂದು ಮೇಸ್ತ್ರಿ ಕೈ ತೊಳೆಯಲು ಹೋಗುತ್ತಾರೆ.

ಟೆಸ್ಟಿಗೆ ಕೆಂಗೇರಿ ಕಡೆ. ನೀವು ಹಿಂದಿನ ಸೀಟಿನಲ್ಲಿದ್ದೀರಿ. ಗಟ್ಟಿ ಸ್ಪ್ರಿಂಗು ರಸ್ತೆಯ ಪ್ರತಿ ತೇಪೆಯನ್ನೂ ಬೆನ್ನಿಗೆ ವರದಿ ಮಾಡುತ್ತದೆ. ನಿಯಮದ ಪ್ರಕಾರ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಅಡ್ಡರಸ್ತೆಯಲ್ಲಿ ಸಿಕ್ಕಿದ ಹಂಪು ಆ ನಿಯಮ ಓದಿದಂತಿಲ್ಲ. ಮೇಸ್ತ್ರಿ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿಸುತ್ತಾರೆ. ಮುಖ್ಯರಸ್ತೆಗೆ ಬಂದು ಅರವತ್ತರ ವೇಗದಲ್ಲಿ ಅಂಗೈಯನ್ನು ಸ್ಟೀರಿಂಗಿನಿಂದ ಒಂದಿಷ್ಟೇ ಬಿಡಿಸುತ್ತಾರೆ. ಎಡ ಲೇನು: ನೆಟ್ಟಗೆ. ಬಲ ಲೇನು: ನೆಟ್ಟಗೆ. ಸ್ಟೀರಿಂಗಿನ ನಡುಗೆರೆ ಸಮಕ್ಕಿದೆ.

ವಾಪಸ್ ಬಂದ ಮೇಲೆ ಹುಡುಗ ಪ್ರಿಂಟನ್ನು ಬೆಳಕಿಗೆ ಹಿಡಿಯುತ್ತಾನೆ. ಟೋ ಹಸಿರು, ಕ್ಯಾಂಬರ್ ಎರಡೂ ಇನ್ನೂ ಕೆಂಪು.

"ಅದ್ ಹಾಗೇ ಇರತ್ತೆ" ಅನ್ನುತ್ತಾರೆ ಮೇಸ್ತ್ರಿ. "ಮುಂದಿನ ಟೈರ್ ಹಿಂದಕ್ಕೆ ಹಾಕ್ಸೋದು ಬೇರೆಯವ್ರಿಗಿಂತ ಬೇಗ ಮಾಡ್ಸು. ಒಳಗಡೆ ಅಂಚು ಬಗ್ಗಿ ನೋಡ್ತಿರು, ನಿಂತ್ಕೊಂಡ್ ನೋಡಿದ್ರೆ ಕಾಣಲ್ಲ."

"ಸರಿ ಅಣ್ಣ. ಅಲ್ಲಾ, ಇದಕ್ಕೇ ಹಿಂದೆ 15 ಎಂ.ಎಂ. ಸ್ಪೇಸರ್ ಹಾಕಿದ್ರೆ..."

"ಮೊದ್ಲು ಇದರ ದುಡ್ಡು ಕೊಡು."