ಒಂದು ಜೊತೆ ವಾಲ್ವಿಗಾಗಿ ಬೆಂಗಳೂರಿಗೆ

ಇಚಲಕರಂಜಿ ಎಲ್ಲಿ ಮುಗಿಯಿತು, ಕಬನೂರ ಎಲ್ಲಿ ಹಿಡಿಯಿತು ಎಂಬದನ್ನು ಹೊಸಬರು ಗುರುತಿಸಲಾರರು. ಮಗ್ಗದ ಸಪ್ಪಳಕ್ಕೆ ಊರ ಗಡಿಯಿಲ್ಲ. 1904 ರಲ್ಲಿ ಇಚಲಕರಂಜಿಗೆ ಮೊದಲನೆಯ ಯಂತ್ರಮಗ್ಗ ಬಂದಂದಿನಿಂದ ಬೆಳೆಯುತ್ತ ಬಂದ ಈ ಸಪ್ಪಳದಲ್ಲಿಯೇ ನಾವು ಅಣ್ಣತಮ್ಮಂದಿರು ಹುಟ್ಟಿ ದೊಡ್ಡವರಾದೆವು. ಇಂಥಲ್ಲಿ ಹಾಡು ಕೇಳಬೇಕಾದರೆ ಮಗ್ಗ ನಿಲ್ಲಬೇಕು, ಇಲ್ಲವೆ ಹಾಡಿನ ದನಿ ಮಗ್ಗವನ್ನು ಮೀರಬೇಕು. ನಮ್ಮ ಕಾಕಾ ಎರಡನೆಯ ದಾರಿ ಹಿಡಿದರು.

ಮೋಟಾರು ಸುತ್ತುವದು ಅವರ ಕಸಬು. 1968 ರಲ್ಲಿ ಅವರು ಮನೆಯಲ್ಲಿಯೇ ಒಂದು ಆಂಪ್ಲಿಫೈಯರನ್ನು ಕಟ್ಟಿದರು. ತಗಡನ್ನು ಮಡಚಿ ಪೆಟ್ಟಿಗೆ ಮಾಡಿದರು. ಎರಡೂ ಟ್ರಾನ್ಸ್‌ಫಾರ್ಮರುಗಳನ್ನು ಕೈಯಿಂದಲೇ ಸುತ್ತಿದರು. ಮೊದಲ ಹಂತಕ್ಕೆ ಇಸಿಸಿ 83, ಕೊನೆಯ ಹಂತಕ್ಕೆ 6ಎಲ್6 ವಾಲ್ವುಗಳ ಒಂದು ಜೊತೆ. ಸಂಜೆ ಧಾರವಾಡ ಆಕಾಶವಾಣಿಯನ್ನು ಅದಕ್ಕೆ ಜೋಡಿಸಿದರೆ ಓಣಿಯವರೆಲ್ಲ ಕಟ್ಟೆಗೆ ಬಂದು ಕೂಡುತ್ತಿದ್ದರು. ಶಾಲೆಯಲ್ಲಿ ಮರಾಠಿ ಕಲಿತ ನಮಗೆ ಓಣಿಯದಲ್ಲದ ಬೇರೊಂದು ಕನ್ನಡವೂ ಉಂಟೆಂದು ತಿಳಿದದ್ದು ಆ ಪೆಟ್ಟಿಗೆಯಿಂದಲೇ. ಅದು ಮೂಕವಾದರೆ ಮನೆಯ ಹಿರಿಯರೊಬ್ಬರು ಮಾತು ಬಿಟ್ಟಂತೆ ನಮಗೆ ಅನಿಸುವದರಲ್ಲಿ ಆಶ್ಚರ್ಯವಿಲ್ಲ.

ಕಳೆದ ಶ್ರಾವಣದಲ್ಲಿ ಹಾಗೆಯೇ ಆಯಿತು. ಒಂದು ವಾಲ್ವಿನ ಗಾಜಿನೊಳಗೆ ಬೆಳ್ಳಿಯಂತೆ ಹೊಳೆಯುತ್ತಿದ್ದ ಲೇಪ ಹಾಲಿನಂತೆ ಬೆಳ್ಳಗಾಗಿತ್ತು. ಒಳಗೆ ಗಾಳಿ ಸೇರಿದ ಗುರುತು ಅದು. ಇನ್ನೊಂದು ವಾಲ್ವೂ ಹಳತಾಗಿ ಸೋತಿತ್ತು. ಹೊರದೇಶಗಳಲ್ಲಿ ಹೊಸ 6ಎಲ್6 ಇಂದಿಗೂ ತಯಾರಾಗುತ್ತವೆ, ಆದರೆ ಬೆಲೆ ಕೇಳಿ ನಮ್ಮ ಕೈ ಹಿಂದೆ ಸರಿಯಿತು. ಅಂಗಡಿಕಾರರೊಬ್ಬರು ತಮ್ಮಲ್ಲಿದ್ದ ಎರಡು ಹಳೆಯ ಇಎಲ್ 34 ವಾಲ್ವುಗಳನ್ನು ತೆಗೆದುಕೊಟ್ಟು, "ಬುಡ ಒಂದೇ, ಎಂಟೇ ಕಾಲು, ಕೂಡಿಸಿರಿ" ಎಂದರು. ಕಾಕಾ ಮಲಗಿದ್ದ ಹೊತ್ತಿನಲ್ಲಿ ನಾವು ಕೂಡಿಸಿದೆವು. ಕಾಲು ಗಂಟೆಯೊಳಗೆ ವಾರ್ನಿಶ್ ಸುಟ್ಟ ವಾಸನೆ ಬಂತು. ನಮಗಿಂತ ಮೊದಲು ಒಳಮನೆಯಲ್ಲಿದ್ದ ಕಾಕಾಗೆ ಅದು ತಿಳಿಯಿತು.

"ಆರಿಸ್ರೋ ಅದನ್ನ! ಬುಡಾ ಹೊಂದಿದ್ರ ವಾಲ್ವು ಹೊಂದಿದಂಗಾತೇನು?"

ಎಂಬತ್ತು ದಾಟಿದ ಅವರು ಅಂದು ತಮ್ಮ ಹಳೆಯ ವಹಿಯನ್ನು ತೆರೆದು ನಮಗೆ ಪಾಠ ಹೇಳಿದರು. 6ಎಲ್6 ವಾಲ್ವಿನ ಹೀಟರು ಕಾಯಲು ಬೇಕಾದದ್ದು 0.9 ಆಂಪಿಯರ್, ಇಎಲ್ 34 ಕ್ಕೆ 1.5. ಎರಡು ಸೇರಿ 1.8 ಕೊಡಲೆಂದು ಸುತ್ತಿದ ತಂತಿಯಿಂದ ನಾವು 3 ಆಂಪಿಯರ್ ಎಳೆದಿದ್ದೆವು. ಅಲ್ಲದೆ ಇಎಲ್ 34 ರ ಒಂದನೆಯ ಕಾಲಿಗೆ ಒಳಗಿನ ಮೂರನೆಯ ಜಾಲರಿ ಸೇರಿರುತ್ತದೆ. ಅದನ್ನು ಎಂಟನೆಯ ಕಾಲಿಗೆ ಬೆಸೆಯಬೇಕು. ನಮ್ಮ ಸಾಕೆಟ್ಟಿನಲ್ಲಿ ಆ ಕಾಲಿಗೆ ತಂತಿಯೇ ಇರಲಿಲ್ಲ. ವಾಲ್ವು ಸುಟ್ಟರೆ ಇನ್ನೊಂದನ್ನು ಹುಡುಕಬಹುದು. ಆ ಟ್ರಾನ್ಸ್‌ಫಾರ್ಮರು ಸುಟ್ಟರೆ ಅದನ್ನು ಮತ್ತೆ ಸುತ್ತಲು ಕಾಕಾರ ಕಣ್ಣು ಉಳಿದಿಲ್ಲ. ಅಂದಿನ ರಾತ್ರಿ ನಮಗೆ ನಿದ್ರೆ ಬರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಕೊನೆಗೆ ವಹಿಯನ್ನು ಚೀಲದಲ್ಲಿಟ್ಟುಕೊಂಡು ನಾವು ಮಿರಜದಲ್ಲಿ ರಾಣಿ ಚೆನ್ನಮ್ಮ ಗಾಡಿ ಹತ್ತಿದೆವು. ಮಿರಜದ ತಂಬೂರಿ ಮಾಡುವವರ ಅಂಗಡಿಗಳನ್ನು ನೋಡುವಷ್ಟು ವೇಳೆ ಸಿಗಲಿಲ್ಲ. 2024 ರಲ್ಲಿ ಆ ಊರಿನ ಸಿತಾರ-ತಂಬೂರಿಗಳಿಗೆ ಭೌಗೋಳಿಕ ಗುರುತು ದೊರೆತ ಸುದ್ದಿಯನ್ನು ಓದಿ ಹಿಗ್ಗಿದವರು ನಾವು. ಧಾರವಾಡ ಬಂದಾಗ ಕತ್ತಲು. 1950 ರಿಂದ ಗಡಿಯ ಈಚೆಗೂ ಕನ್ನಡವನ್ನು ಕಳಿಸಿದ ಆ ಊರಿಗೆ ಕಿಟಕಿಯಿಂದಲೇ ಕೈ ಮುಗಿದೆವು. ಬೆಳಿಗ್ಗೆ ಯಶವಂತಪುರ ಸಮೀಪಿಸಿದಾಗ ಜಾಲಹಳ್ಳಿಯ ನೆನಪಾಯಿತು. ಭಾರತ್ ಇಲೆಕ್ಟ್ರಾನಿಕ್ಸ್ ಸಂಸ್ಥೆ 1961 ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆಗೆ ಇಳಿಯಿತು. ಅದರ ಇಎಲ್ 84 ವಾಲ್ವುಗಳು ಎಷ್ಟೋ ಮನೆಗಳ ರೇಡಿಯೊಗಳಲ್ಲಿ ಉರಿದವು. ಆ ತಯಾರಿಕೆ ನಿಂತು ದಶಕಗಳಾದವು.

ಎಸ್.ಪಿ. ರಸ್ತೆಯ ಇಕ್ಕಟ್ಟಿನಲ್ಲಿ ನಾಲ್ಕಾರು ಅಂಗಡಿಗಳನ್ನು ಕೇಳಿ, ಒಂದು ಮಹಡಿಯ ಮೂಲೆಯಲ್ಲಿ ವೃದ್ಧ ಮೆಕ್ಯಾನಿಕರೊಬ್ಬರನ್ನು ಕಂಡೆವು. ಅವರು ನಮ್ಮನ್ನು ಕೇಳಲಿಲ್ಲ, ವಹಿಯನ್ನು ಕೇಳಿದರು. ಪ್ಲೇಟಿಗೆ 350 ವೋಲ್ಟ್, ಎರಡೂ ಕ್ಯಾಥೋಡುಗಳಿಗೆ ಸೇರಿ 250 ಓಮಿನ ಒಂದು ರೆಜಿಸ್ಟರು. ಓದಿ ತಲೆಯಾಡಿಸಿದರು.

"6ವಿ6 ನಿಮ್ಮ ಸಾಕೆಟ್ಟಿಗೆ ಸರಿಯಾಗಿ ಕೂರುತ್ತೆ ಸ್ವಾಮಿ, ಹೀಟರಿಗೆ ಅರ್ಧ ಆಂಪ್ ಕೂಡ ಕೇಳಲ್ಲ. ಆದ್ರೆ ಈ ವೋಲ್ಟೇಜಿಗೆ ತಡೆಯಲ್ಲ, ಪ್ಲೇಟು ಕೆಂಪಗಾಗುತ್ತೆ. 807 ಅಂತೀರಾ, ಗುಣದಲ್ಲಿ 6ಎಲ್6 ಗೆ ಒಡಹುಟ್ಟು. ಬುಡ ಮಾತ್ರ ಬೇರೆ, ಐದು ಕಾಲು, ಪ್ಲೇಟಿನ ತಂತಿ ನೆತ್ತಿ ಮೇಲೆ. ಮನೇಲಿ ಮಕ್ಕಳಿದ್ರೆ ಬೇಡ."

ಎರಡನೆಯ ಮಹಾಯುದ್ಧದ ತರುವಾಯ ಸೈನ್ಯದ ಉಳಿಕೆಯಾಗಿ 807 ಅಗ್ಗವಾಗಿ ಸಿಗುತ್ತಿದ್ದ ಕಾಲವನ್ನೂ ಅವರು ನೆನೆದರು. ಆಮೇಲೆ ಪೆಟ್ಟಿಗೆಯ ತಳದಿಂದ ಎರಡು ರಷ್ಯನ್ ವಾಲ್ವುಗಳನ್ನು ತೆಗೆದರು. ಮೇಲಿನ ಅಕ್ಷರವನ್ನು ನಾವು '6ಎನ್3ಸಿ' ಎಂದು ಓದಿದೆವು. ಅವರು ನಕ್ಕರು. ಬಾಗಿಲ ಚೌಕಟ್ಟಿನಂಥ ರಷ್ಯನ್ ಅಕ್ಷರ 'ಪಿ', ನಮಗೆ ಸಿ ಎಂದು ಕಂಡದ್ದು 'ಎಸ್'. ಅದು 6ಪಿ3ಎಸ್, 6ಎಲ್6 ವಾಲ್ವಿನ ರಷ್ಯನ್ ಸಮಾನ. ಹೀಟರು ಅದೇ 0.9 ಆಂಪಿಯರ್, ಕಾಲುಗಳ ಕ್ರಮವೂ ಅದೇ. ಹಾಗೆಂದು ಕಣ್ಣು ಮುಚ್ಚಿ ಕೂಡಿಸದೆ, ರೆಜಿಸ್ಟರಿನ ಮೇಲಿನ ವೋಲ್ಟನ್ನು ಅಳೆದೇ ಹಾಡು ಹಚ್ಚಬೇಕೆಂದು ಎರಡು ಸಲ ಹೇಳಿ ಕಳಿಸಿದರು.

ಊರಿಗೆ ಬಂದ ಮೇಲೆ ಕಾಕಾ ಬೇರೊಂದು ದೋಷವನ್ನು ಹಿಡಿದರು. ಅವರು ಸುತ್ತಿದ್ದು 220 ವೋಲ್ಟಿಗೆ. ಈಗ ರಾತ್ರಿ ಮಗ್ಗಗಳು ನಿಂತಾಗ ನಮ್ಮ ಮನೆಯಲ್ಲಿ ಮೀಟರು 245 ತೋರಿಸುತ್ತದೆ. ಆಗ 6.3 ವೋಲ್ಟಿನ ಹೀಟರಿಗೆ 7 ಬೀಳುವದು, ಯಾವ ವಾಲ್ವೂ ಅದಕ್ಕೆ ಬಹುಕಾಲ ಬಾಳದು. ಚಿಕ್ಕದೊಂದು ಟ್ರಾನ್ಸ್‌ಫಾರ್ಮರನ್ನು ವಿರುದ್ಧ ದಿಕ್ಕಿಗೆ ಜೋಡಿಸಿ 20 ವೋಲ್ಟಿನಷ್ಟು ಕಳೆಯುವಂತೆ ಮಾಡಿದೆವು. ಕೆಲಸಕ್ಕೆ ಕೈಹಾಕುವ ಮೊದಲು ಪ್ರತಿ ಸಲವೂ ಕಂಡೆನ್ಸರುಗಳಲ್ಲಿ ಉಳಿದ ವಿದ್ಯುತ್ತನ್ನು ಇಳಿಸಿಕೊಂಡೆವು. ಸ್ವಿಚ್ಚು ಆರಿಸಿದ ಮೇಲೂ ಆ 350 ವೋಲ್ಟು ಅಲ್ಲಿಯೇ ಕುಳಿತಿರುತ್ತದೆ. ವಾಚಕರಲ್ಲಿ ಹವ್ಯಾಸಿಗಳಿದ್ದರೆ ಇದನ್ನು ಮರೆಯಬಾರದು. ಸ್ಪೀಕರು ಜೋಡಿಸದೆ ಹಚ್ಚಲೂ ಬಾರದು.

ಹಚ್ಚಿದಾಗ ರೆಜಿಸ್ಟರಿನ ಮೇಲೆ 23 ವೋಲ್ಟ್ ಬಂತು. ಕಾಕಾ ಬಾಯಿಯಲ್ಲಿಯೇ ಲೆಕ್ಕ ಹಾಕಿದರು: ಎರಡಕ್ಕೂ ಸೇರಿ 92 ಮಿಲಿಆಂಪಿಯರ್, ಒಂದೊಂದಕ್ಕೆ 46; 350 ರಲ್ಲಿ 23 ಕಳೆದರೆ 327; ಒಂದೊಂದು ವಾಲ್ವಿಗೆ ಬೀಳುವದು 15 ವ್ಯಾಟಿನಷ್ಟು. ಅದು ತಾಳುವ ಮಿತಿ 20.

ಮೊಬೈಲಿನಿಂದ ತಂತಿ ಎಳೆದು ಮಲ್ಲಿಕಾರ್ಜುನ ಮನಸೂರರ ವಚನಗಾಯನವನ್ನು ಹಚ್ಚಿದೆವು. ವಾಲ್ವಿನ ದನಿಯಲ್ಲಿ ವಿಶೇಷ ಮಾಧುರ್ಯವಿದೆಯೆಂದು ವಾದಿಸುವವರ ಜೊತೆ ನಾವು ಜಗಳಕ್ಕೆ ಇಳಿಯುವದಿಲ್ಲ. ನಮಗೆ ಅದು ಕಾಕಾರ ಪೆಟ್ಟಿಗೆಯ ದನಿ, ಅಷ್ಟೇ. ಅವರು ಮಾತ್ರ ಹಾಡಿನತ್ತ ಕಿವಿಗೊಡದೆ ಟ್ರಾನ್ಸ್‌ಫಾರ್ಮರಿನ ಮೇಲೆ ಅಂಗೈ ಇಟ್ಟು ಎಣಿಸತೊಡಗಿದರು. ಹತ್ತರವರೆಗೆ ಕೈ ನಿಂತರೆ ಭಯವಿಲ್ಲವೆಂಬದು ಅವರ ಹಳೆಯ ಪರೀಕ್ಷೆ. ಹತ್ತಾಯಿತು, ಇಪ್ಪತ್ತಾಯಿತು. ಕೈ ತೆಗೆಯದೆಯೇ, "ಮೊದಲಿನಕಿಂತ ತುಸು ಮೆತ್ತಗ ಹಾಡತೈತಿ, ಇರವಲ್ದ್ಯಾಕ" ಎಂದು ದನಿಯ ಗುಂಡಿಯನ್ನು ಇನ್ನಷ್ಟು ತಿರುವಿದರು.